ರೀಜೆನ್ಸಿ ಪ್ರಣಯ ಕಾದಂಬರಿಗಳ ಬಗ್ಗೆ ಒಂದು ಸ್ಪಷ್ಟನೆ

ರೀಜೆನ್ಸಿ ಪ್ರಣಯ ಕಾದಂಬರಿಗಳು ವಿಕ್ಟೋರಿಯಾ ರಾಣಿಯ ಕಾಲದ ಕಥೆಗಳೆಂದೂ, ಅವುಗಳ ಸೊಗಸೆಲ್ಲ ಉಡುಗೆ ತೊಡುಗೆ ಮತ್ತು ನೃತ್ಯಕೂಟಗಳ ವರ್ಣನೆಯಲ್ಲೇ ಇದೆಯೆಂದೂ ಓದುಗರ ನಡುವೆ ಒಂದು ಮಾತು ಹರಿದಾಡುತ್ತಿದೆ. ಇವೆರಡೂ ಸರಿಯಲ್ಲ. ಬ್ರಿಟನ್ನಿನ ಮೂರನೆಯ ಜಾರ್ಜ್ ದೊರೆ ಅಸ್ವಸ್ಥನಾಗಿದ್ದಾಗ ಅವನ ಮಗ ರಾಜಪ್ರತಿನಿಧಿಯಾಗಿದ್ದ 1811ರಿಂದ 1820ರವರೆಗಿನ ಅವಧಿಯೇ ರೀಜೆನ್ಸಿ; ಈ ಕಾದಂಬರಿಗಳ ಕಥೆ ನಡೆಯುವುದು ಆ ಕಾಲದಲ್ಲಿ. ವಿಕ್ಟೋರಿಯಾ ಪಟ್ಟವೇರಿದ್ದು 1837ರಲ್ಲಿ.

ಎರಡನೆಯ ಮಾತು ಹೆಚ್ಚು ಹಾನಿಕರ, ಏಕೆಂದರೆ ಅದು ಈ ಕಾದಂಬರಿಗಳ ಜೀವಾಳವನ್ನೇ ಮರೆಮಾಡುತ್ತದೆ. ಅಂದಿನ ಇಂಗ್ಲೆಂಡಿನ ಕಾನೂನಿನಂತೆ ಮದುವೆಯಾದ ಹೆಣ್ಣಿನ ಹಣ, ಒಡವೆಗಳು ಸಾಮಾನ್ಯವಾಗಿ ಗಂಡನ ಪಾಲಾಗುತ್ತಿದ್ದವು, ವಿಚ್ಛೇದನ ಬಹುತೇಕ ಅಸಾಧ್ಯವಾಗಿತ್ತು, ಅನೇಕ ಮನೆತನಗಳ ಆಸ್ತಿ ಗಂಡು ವಾರಸುದಾರನಿಗೇ ಸಲ್ಲುತ್ತಿತ್ತು. ಆದ್ದರಿಂದ ಯಾರನ್ನು ಒಪ್ಪಬೇಕೆಂಬ ನಾಯಕಿಯ ನಿರ್ಧಾರದಲ್ಲಿ ಅವಳ ಇಡೀ ಬದುಕೇ ಪಣಕ್ಕಿರುತ್ತದೆ. ನೃತ್ಯಕೂಟಕ್ಕೆ ಮಹತ್ವ ಬಂದದ್ದೂ ಇದರಿಂದಲೇ: ಅವಿವಾಹಿತರಿಬ್ಬರು ಹಿರಿಯರ ಕಣ್ಣೆದುರಿನಲ್ಲೇ ಒಂದಷ್ಟು ಹೊತ್ತು ತಮ್ಮಷ್ಟಕ್ಕೆ ಮಾತಾಡಿಕೊಳ್ಳಬಹುದಾಗಿದ್ದ ಅಪರೂಪದ ತಾಣ ಅದು. ಮನಸ್ಸಿನಲ್ಲಿರುವುದನ್ನು ನೇರವಾಗಿ ಆಡಲಾಗದ ಅಂಥ ಕಡೆ ಚುರುಕು ಸಂಭಾಷಣೆಯೇ ಪ್ರೇಮದ ಭಾಷೆಯಾಗುತ್ತದೆ, ಒಂದು ಮರುಮಾತಿಗೆ, ಕೈಗವಸು ಕಳಚಿದ ಒಂದು ಗಳಿಗೆಗೆ ಅಪಾರ ತೂಕ ಬರುತ್ತದೆ. ನನ್ನ ಮಟ್ಟಿಗೆ ಓದಿನ ಸುಖವಿರುವುದು ಅಲ್ಲಿ. ರೇಷ್ಮೆಯ ವರ್ಣನೆಯನ್ನು ಬಿಟ್ಟು ಓದಿದರೂ ಅದು ಕುಂದುವುದಿಲ್ಲ.