ಇದು ನಾನೇ ಅಲ್ವಾ?

ನಿನ್ನೆ ಪ್ರದರ್ಶನಕ್ಕೆ ಬಂದ ಅಪ್ಪ ಮತ್ತೆ ಅದೇ ಕೆಲಸ ಮಾಡಿದರು. ಒಂದೊಂದು ಕೃತಿಯ ಮುಂದೆಯೂ ನಿಂತು, ಕನ್ನಡಕ ಸರಿಮಾಡಿಕೊಂಡು, ಇಡೀ ಹಾಲಿಗೆ ಕೇಳಿಸುವಂತೆ ಒಂದೇ ಪ್ರಶ್ನೆ: "ಇದು ನಾನೇ ಅಲ್ವಾ?"

ನಾನು ಚಿತ್ರ ಬರೆಯುತ್ತೇನೆ, ಗೊಂಬೆ ಹೊಲಿಯುತ್ತೇನೆ, ಶಬ್ದ ರೆಕಾರ್ಡ್ ಮಾಡುತ್ತೇನೆ, ಒಮ್ಮೊಮ್ಮೆ ವಿಡಿಯೋ. ಇಂಥವರನ್ನು ಬಹುಮಾಧ್ಯಮ ಕಲಾವಿದೆ ಅನ್ನುತ್ತಾರೆ. ಯಾವುದನ್ನೂ ನೆಟ್ಟಗೆ ಕಲಿಯದವಳು ಅನ್ನುವುದು ಅಪ್ಪನ ಅರ್ಥ. ಮಾಧ್ಯಮ ಹತ್ತಿದ್ದರೂ ಸರಕು ಒಂದೇ, ನಮ್ಮ ಮನೆ.

ಕಡ್ಡಿ ಮುರಿದ ಕೊಡೆಯೊಂದನ್ನು ತೂಗುಹಾಕಿದ್ದೆ. "ಇದು ನಾನೇ ಅಲ್ವಾ?" ಅಲ್ಲಪ್ಪ, ಅದು ಕೊಡೆ. ಮುಂದೆ ಮೂರೇ ಕಾಲಿನ ಕುರ್ಚಿ. "ಮಂಡಿ ನೋವು ಶುರುವಾದ ಮೇಲಿನ ನಾನು, ಅಲ್ವಾ?" ಆಮೇಲೆ ಖಾಲಿ ಗೋಡೆಯ ಮುಂದೂ ನಿಂತರು. ಅಲ್ಲಿ ಏನೂ ಇಲ್ಲಪ್ಪ ಅಂದೆ. ತಲೆ ಸವರಿಕೊಂಡು "ಓ, ಕೂದಲಿನ ವಿಷಯವೋ" ಅಂದರು. ಪಕ್ಕದಲ್ಲಿದ್ದ ಪತ್ರಕರ್ತೆ ತಕ್ಷಣ ಬರೆದುಕೊಂಡಳು. ನನ್ನ ಎರಡು ವರ್ಷದ ಕೆಲಸದಲ್ಲಿ ಆಕೆ ಬರೆದುಕೊಂಡಿದ್ದು ಅದೊಂದನ್ನೇ!

ಶಿಲ್ಪಿ ಲೂಯಿಸ್ ಬೂರ್ಜ್ವಾ ಅವರನ್ನು ನೆನೆದರೆ ಹೊಟ್ಟೆಕಿಚ್ಚಾಗುತ್ತದೆ. ಅವರ ಮನೆಯವರು ಗೋಡೆಗೆ ತೂಗುಹಾಕುವ ಹಳೇ ನೇಯ್ಗೆಗಳನ್ನು ರಿಪೇರಿ ಮಾಡುತ್ತಿದ್ದರು. ಜೇಡದ ಹಾಗೆ ನೂಲಿನ ಕೆಲಸ ಮಾಡುತ್ತಿದ್ದ ತಮ್ಮ ಅಮ್ಮನ ನೆನಪಿಗೆ 1999ರಲ್ಲಿ ಒಂಬತ್ತು ಮೀಟರಿಗೂ ಎತ್ತರದ ಜೇಡದ ಶಿಲ್ಪ ನಿಲ್ಲಿಸಿದರು. ಅವರಪ್ಪನ ಪಾಲಿಗೆ ಬಂದಿದ್ದು ಬೇರೆ. ಮಕ್ಕಳೆಲ್ಲ ಸೇರಿ ಅಪ್ಪನನ್ನೇ ಮೇಜಿನ ಮೇಲೆಳೆದು ತಿಂದುಬಿಡುವ ಕಲ್ಪನೆ, 1974ರ ಕೃತಿ. ಅವರಪ್ಪ 1951ರಲ್ಲೇ ತೀರಿಕೊಂಡಿದ್ದರು. ಎದುರು ನಿಂತು "ಇದು ನಾನೇ ಅಲ್ವಾ?" ಅನ್ನುವ ಕಾಟ ಆಕೆಗೆ ಇರಲಿಲ್ಲ.

ನಿಜ ಹೇಳ್ತೀನಿ, ಕೊಡೆ ಅಪ್ಪನೇ. ನಾನು ಚಿಕ್ಕವಳಿದ್ದಾಗ ಅವರು ಯಾವ ಮಾತಿಗೆ ತಿರುಗಿಬೀಳುತ್ತಾರೋ ಗೊತ್ತೇ ಆಗುತ್ತಿರಲಿಲ್ಲ, ಗಾಳಿಗೆ ಸಿಕ್ಕ ಕೊಡೆಯ ಹಾಗೆ. ಹಾಗೇ ಹೇಳಹೋದರೆ ಗಂಟಲು ಕಟ್ಟುತ್ತದೆ. ಕೊಡೆ ತೂಗುಹಾಕಿದರೆ ಜನ ನಗುತ್ತಾರೆ, ನಾನೂ ಬಚಾವ್.

ಕೊನೆಯ ಕೋಣೆಯಲ್ಲಿ ನೋಡಲು ಏನೂ ಇಲ್ಲ. ಹಳೇ ಕ್ಯಾಸೆಟ್‌ನಲ್ಲಿ ಸಿಕ್ಕ ಅಮ್ಮನ ನಗು, ಹನ್ನೊಂದು ಸೆಕೆಂಡಿನದು, ಮತ್ತೆ ಮತ್ತೆ ಕೇಳುತ್ತಿರುತ್ತದೆ. ಯಾಕೆ ನಕ್ಕಳೋ ಗೊತ್ತಿಲ್ಲ. ಕೇಳೋಣವೆಂದರೆ ಅವಳಿಲ್ಲ. ಅಪ್ಪ ಅಲ್ಲಿ ತುಂಬಾ ಹೊತ್ತು ಕೂತರು, ತುಟಿ ಬಿಚ್ಚಲಿಲ್ಲ.

ರಾತ್ರಿ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಕೇಳಿದರು: "ಅವಳು ನಗ್ತಿದ್ದದ್ದು ನನ್ನನ್ನ ನೋಡಿ, ಅಲ್ವಾ?"

ಹೂಂ ಅಂದೆ.