ಕಸ ಇರುವ ಕಡೆಯೇ ಕಾಸು

ಮೆಟಲ್ ಡಿಟೆಕ್ಟರ್ ಹಿಡಿದು ಹಳೇ ನಾಣ್ಯ ಹುಡುಕುವ ಹುಚ್ಚು ನನಗಿದೆ ಅಂತ ಗೊತ್ತಾದ ಕೂಡಲೇ ಜನ ಕೇಳುವ ಮೊದಲ ಪ್ರಶ್ನೆ ಒಂದೇ. "ಎಷ್ಟು ಆಳದವರೆಗೂ ಹಿಡಿಯುತ್ತೆ?" ನಾನು ಸುಮ್ಮನೆ ಒಂದು ಗೇಣು ಅಳೆದು ತೋರಿಸುತ್ತೇನೆ. ಅವರ ಮುಖ ಸಪ್ಪಗಾಗುತ್ತದೆ. ಕೊಪ್ಪರಿಗೆ ಹೊನ್ನಿನ ಕನಸು ಕಂಡವರಿಗೆ ಗೇಣು ಯಾವ ಲೆಕ್ಕ?

ಆದರೆ ನಿಜ ಏನಂದ್ರೆ, ನಾವು ಬಿಟ್ಟು ಬಂದಿರುವ ನಾಣ್ಯಗಳು ಆ ಗೇಣಿನೊಳಗೇ ಬೇಕಾದಷ್ಟಿವೆ. ಆಳದಲ್ಲಿದ್ದು ತಪ್ಪಿಸಿಕೊಂಡವಲ್ಲ ಅವು. ಪಕ್ಕದಲ್ಲಿ ಒಂದು ತುಕ್ಕು ಹಿಡಿದ ಮೊಳೆ ಮಲಗಿತ್ತು, ಅದರ ಮರೆಯಲ್ಲಿ ಉಳಿದುಕೊಂಡವು. ಇಷ್ಟು ವರ್ಷ ಮಣ್ಣು ಕೆದಕಿದ ಮೇಲೆ ನನಗೆ ಗಟ್ಟಿಯಾಗಿರುವ ಅಭಿಪ್ರಾಯ ಇದೊಂದೇ. ಇದನ್ನು ಹೇಳಿದರೆ ನಮ್ಮ ಹವ್ಯಾಸದವರೇ ಅರ್ಧ ಜನ ಒಪ್ಪಲ್ಲ. ಅವರಿಗೆ ಕೋಲಿನ ತುದಿಯ ತಟ್ಟೆ ದೊಡ್ಡದಿರಬೇಕು, ಸ್ವಚ್ಛವಾದ ಹುಲ್ಲುಗಾವಲು ಬೇಕು, ಕಿವಿಗೆ ಕಿರಿಕಿರಿ ಇರಬಾರದು.

ಸ್ವಚ್ಛವಾದ ಹುಲ್ಲುಗಾವಲಿನಲ್ಲಿ ನಾಣ್ಯ ಯಾಕಿರಬೇಕು ಹೇಳಿ? ನಾಣ್ಯ ಬೀಳಬೇಕು ಅಂದ್ರೆ ಅಲ್ಲಿ ಜನ ಓಡಾಡಿರಬೇಕು. ಕೂತಿರಬೇಕು, ವ್ಯಾಪಾರ ಮಾಡಿರಬೇಕು, ಜಗಳ ಆಡಿರಬೇಕು. ಜನ ಇದ್ದ ಕಡೆ ಬಾಗಿಲು ಇತ್ತು, ಬಾಗಿಲಿಗೆ ಮೊಳೆ ಇತ್ತು. ಮನೆ ಬಿದ್ದ ಮೇಲೆ ಮರ ಗೆದ್ದಲಿಗೆ ಹೋಯಿತು, ಮೊಳೆ ಮಣ್ಣಿಗೆ ಬಂತು. ಹೆಡ್‌ಫೋನಿನಲ್ಲಿ ಕಬ್ಬಿಣದ ಗುರುಗುಟ್ಟುವಿಕೆ ಜಾಸ್ತಿಯಾಗುತ್ತಾ ಹೋದರೆ ನನಗೆ ಖುಷಿಯಾಗುತ್ತದೆ. ಹಳೇ ಮನೆ ಎಲ್ಲಿತ್ತು ಅಂತ ಆ ಸದ್ದೇ ತೋರಿಸಿಕೊಡುತ್ತಿರುತ್ತದೆ.

ಮೊಳೆ ನಾಣ್ಯವನ್ನು ಹೇಗೆ ಮುಚ್ಚಿಡುತ್ತದೆ? ಕೋಲಿನ ತುದಿಯಲ್ಲಿ ತಟ್ಟೆಯ ಹಾಗೆ ಇರುತ್ತಲ್ಲ, ಅದೇ ಕಾಯಿಲ್. ಅದು ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರ ಹುಟ್ಟಿಸುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕ ಲೋಹದೊಳಗೆ ಸಣ್ಣ ಸಣ್ಣ ವಿದ್ಯುತ್ ಸುಳಿಗಳು ಏಳುತ್ತವೆ. ಆ ಸುಳಿಗಳು ತಿರುಗಿ ತಮ್ಮದೇ ಒಂದು ಕ್ಷೇತ್ರ ಹುಟ್ಟಿಸುತ್ತವೆ. ಅದು ಎಷ್ಟು ತಡವಾಗಿ ಬಂತು ಅನ್ನುವುದನ್ನು ನೋಡಿ ಮೆಷಿನ್ ಲೋಹದ ಜಾತಿ ಊಹಿಸಿ, ಸ್ವರವಾಗಿ ಕೇಳಿಸುತ್ತದೆ, ಪರದೆಯ ಮೇಲೆ ನಂಬರಾಗಿ ತೋರಿಸುತ್ತದೆ. ಬೆಳ್ಳಿ, ತಾಮ್ರದಲ್ಲಿ ಕರೆಂಟು ಸಲೀಸಾಗಿ ಹರಿಯುತ್ತದೆ, ಹಾಗಾಗಿ ಮೇಲಿನ ಸ್ವರ. ಕಬ್ಬಿಣಕ್ಕೆ ಕಾಂತಗುಣವೂ ಇರೋದರಿಂದ ಕೆಳಗಿನ ಗುರುಗುಟ್ಟು. ಒಂದೇ ವಸ್ತು ಇದ್ದಾಗ ಈ ಊಹೆ ಸೊಗಸಾಗಿ ನಡೆಯುತ್ತದೆ. ಎರಡು ವಸ್ತು ಅಕ್ಕಪಕ್ಕ ಇದ್ದರೆ ಎರಡರ ಉತ್ತರವೂ ಕಲಸಿಕೊಂಡು ಬರುತ್ತದೆ. ಪರದೆಯ ಮೇಲೆ ಬರುವ ನಂಬರು ಆಗ ನಾಣ್ಯದ್ದೂ ಅಲ್ಲ, ಮೊಳೆಯದೂ ಅಲ್ಲ.

ಇನ್ನೊಂದು ತೊಂದರೆ ದೂರದ್ದು. ಕಾಯಿಲ್‌ನಿಂದ ಸ್ವಲ್ಪ ಕೆಳಗಿಳಿದ ಮೇಲೆ, ದೂರ ಎರಡರಷ್ಟಾದರೆ ವಾಪಸು ಬರುವ ಸಿಗ್ನಲ್ ಹೆಚ್ಚುಕಮ್ಮಿ 64ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಎರಡು ಇಂಚಿನಲ್ಲಿರುವ ಮೊಳೆ, ಐದು ಇಂಚಿನಲ್ಲಿರುವ ನಾಣ್ಯ. ಯಾರ ಸ್ವರ ಕೇಳುತ್ತೆ? ಸಂತೆಯ ನಡುವೆ ನಿಂತು ಪಿಸುಮಾತಿಗೆ ಕಿವಿ ಕೊಟ್ಟ ಹಾಗೆ.

ಇಲ್ಲಿಂದ ನನ್ನ ತಕರಾರು ಶುರು. ಹೆಚ್ಚಿನ ಮೆಷಿನ್‌ಗಳಲ್ಲಿ ಡಿಸ್ಕ್ರಿಮಿನೇಷನ್ ಅಂತ ಒಂದು ಸೌಕರ್ಯ ಇರುತ್ತದೆ. ಬೇಡದ ಲೋಹಕ್ಕೆ ಸದ್ದು ಮಾಡಬೇಡ ಅಂತ ಹೇಳುವುದು. ಹೊಸಬರು ಮೊದಲ ದಿನವೇ ಅದನ್ನು ಜೋರಾಗಿ ಏರಿಸಿ, ಕಬ್ಬಿಣದ ಸದ್ದೆಲ್ಲ ನಿಲ್ಲಿಸಿ, "ಆಹಾ ಎಷ್ಟು ಶಾಂತಿ" ಅಂತ ನಡೆಯುತ್ತಾರೆ. ಡಿಸ್ಕ್ರಿಮಿನೇಷನ್ ಮೊಳೆಯನ್ನು ಮಾಯ ಮಾಡುವುದಿಲ್ಲ ಸ್ವಾಮಿ. ಮೊಳೆ ಬಂದಾಗ ನಿಮ್ಮ ಕಿವಿ ಮುಚ್ಚುತ್ತದೆ, ಅಷ್ಟೆ. ಮುಚ್ಚಿದ ಕಿವಿ ತೆರೆಯೋಕೆ ಮೆಷಿನ್‌ಗೆ ಒಂದು ಕ್ಷಣ ಬೇಕು. ಆ ಕ್ಷಣದೊಳಗೆ ಕಾಯಿಲ್ ನಾಣ್ಯವನ್ನು ದಾಟಿ ಹೋಗಿರುತ್ತದೆ. ಬೇಗ ಬೀಸಿದಷ್ಟೂ ಜಾಸ್ತಿ ದಾಟುತ್ತದೆ.

ನಂಬಿಕೆ ಬರದಿದ್ದರೆ ಮನೆಯಲ್ಲೇ ನೋಡಿ. ಒಂದು ಹಲಗೆಯ ಮೇಲೆ ನಾಣ್ಯ ಇಡಿ. ಅದರ ಸುತ್ತ ನಾಲ್ಕು ಮೊಳೆ, ಬೆರಳಗಲ ಬಿಟ್ಟು, ಅಡ್ಡಾದಿಡ್ಡಿ. ಡಿಸ್ಕ್ರಿಮಿನೇಷನ್ ಏರಿಸಿ ಕಾಯಿಲ್ ಬೀಸಿ. ಮೌನ. ಈಗ ಪೂರ್ತಿ ಇಳಿಸಿ, ನಿಧಾನ ಬೀಸಿ, ಬೇರೆ ದಿಕ್ಕಿನಿಂದ ಬೀಸಿ. ಒಂದು ದಿಕ್ಕಿನಲ್ಲಿ ಗುರುಗುಟ್ಟಿನ ನಡುವೆ ಚಿಕ್ಕದಾಗಿ ಟಿಂ ಅನ್ನುತ್ತದೆ. ಕಣ್ಣ ಮುಂದೆ ಕೂತಿರುವ ನಾಣ್ಯವನ್ನೇ ಮೆಷಿನ್ ಕಾಣಲಿಲ್ಲ ಅಂದ್ರೆ ಮಣ್ಣೊಳಗಿನ ಗತಿ ಏನು? (ಮೊಳೆ ಹೊಡೆದು ಮಾಡಿದ ಟೇಬಲ್ ಮೇಲೆ ಈ ಪರೀಕ್ಷೆ ಮಾಡಬೇಡಿ. ನಾನು ಮಾಡಿ, ಅರ್ಧ ಗಂಟೆ ಮೆಷಿನ್‌ಗೆ ಬೈದಿದ್ದೆ.)

ಇದೇನು ಹೊಸ ಕಾಯಿಲೆಯಲ್ಲ. 1881ರ ಜುಲೈ 2ರಂದು ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್ ಮೇಲೆ ಗುಂಡು ಹಾರಿತು. ಗುಂಡು ಮೈಯೊಳಗೆ ಎಲ್ಲಿದೆ ಅಂತ ವೈದ್ಯರಿಗೆ ತಿಳಿಯಲಿಲ್ಲ. ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ತರಾತುರಿಯಲ್ಲಿ ಲೋಹ ಪತ್ತೆ ಮಾಡುವ ಯಂತ್ರ ಕಟ್ಟಿ ತಂದರು. ಬೇರೆ ಕಡೆ ಪರೀಕ್ಷೆಯಲ್ಲಿ ಕೆಲಸ ಮಾಡಿದ ಯಂತ್ರ, ಅಧ್ಯಕ್ಷರ ಹಾಸಿಗೆಯ ಬಳಿ ಕೈಕೊಟ್ಟಿತು. ಆಮೇಲೆ ತಿಳಿದದ್ದು, ಮೇಲಿನ ಹಾಸಿಗೆಯ ಕೆಳಗೆ ಉಕ್ಕಿನ ತಂತಿಯ ಇನ್ನೊಂದು ಹಾಸಿಗೆ ಇತ್ತು ಅಂತ. ಸಾಲದ್ದಕ್ಕೆ ವೈದ್ಯರು ಗುಂಡು ಬಲಗಡೆಯೇ ಇದೆ ಅಂತ ಪಟ್ಟು ಹಿಡಿದು ಅಲ್ಲೇ ಹುಡುಕಿಸಿದರು. ಇದ್ದದ್ದು ಎಡಗಡೆ. ಸೆಪ್ಟೆಂಬರ್ 19ಕ್ಕೆ ಗಾರ್ಫೀಲ್ಡ್ ತೀರಿಕೊಂಡರು. ಸುತ್ತ ಕಬ್ಬಿಣ, ನಡುವೆ ಒಂದು ಚೂರು ಸೀಸ, ಜೊತೆಗೆ ತಪ್ಪು ಕಡೆ ಹುಡುಕಾಟ. ನಾನು ಪ್ರತಿ ಭಾನುವಾರ ಪಡುವ ಪಾಡನ್ನೇ ಬೆಲ್ ಆವತ್ತು ಪಟ್ಟಿದ್ದರು. ನನ್ನ ಭಾನುವಾರಗಳಲ್ಲಿ ಯಾರ ಜೀವಕ್ಕೂ ಅಪಾಯ ಇರುವುದಿಲ್ಲ, ಅದೊಂದು ಸಮಾಧಾನ.

ಈಗ ನನ್ನ ಎರಡು ಮಂಚದಷ್ಟು ಜಾಗದ ಕಥೆ.

ಬಿದ್ದುಹೋದ ಹಳೇ ಮನೆಯೊಂದರ ಜಾಗ. ಪಾಯದ ಕಲ್ಲು ಮಾತ್ರ ಉಳಿದಿದೆ. ಜಾಗದ ಒಡೆಯರ ಒಪ್ಪಿಗೆ ಮೊದಲೇ ಪಡೆದಿದ್ದೆವು. ಅಲ್ಲಿ ನಮಗಿಂತ ಮೊದಲು ಎಷ್ಟೋ ಜನ ಬಂದು ಹುಡುಕಿ ಹೋಗಿದ್ದರು, "ಇನ್ನೇನೂ ಉಳಿದಿಲ್ಲ" ಅನ್ನುವ ಖ್ಯಾತಿ ಬೇರೆ. ಜೊತೆಗೆ ಬಂದಿದ್ದವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಈ ಹುಚ್ಚಿನಲ್ಲೂ ಹಿರಿಯರು. ಅವರ ಕೈಯಲ್ಲಿ 11 ಇಂಚಿನ ಕಾಯಿಲ್. ನನ್ನದು 6 ಇಂಚಿನದು. "ಏನಯ್ಯಾ, ಆಟದ ಸಾಮಾನು ತಂದಿದ್ದೀಯ?" ಅಂದರು. ನಾನು ನಕ್ಕೆ. ಅವರು ದೊಡ್ಡ ದೊಡ್ಡ ಹೆಜ್ಜೆ ಇಟ್ಟು ಇಡೀ ಜಾಗ ಸುತ್ತಿದರು. ನಾನು ಹೊಸ್ತಿಲು ಇದ್ದಿರಬಹುದಾದ ಮೂಲೆಯಲ್ಲಿ ಕೂತೆ. ಕೂತೆ ಅಂದರೆ ನಿಜವಾಗಿ ಕೂತೆ, ಮಂಡಿಯೂರಿ.

ಕಾಯಿಲ್ ಚಿಕ್ಕದಿದ್ದರೆ ಆಳ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಆದರೆ ಒಂದು ಸಲಕ್ಕೆ ಅದು ನೋಡುವ ಮಣ್ಣೂ ಕಡಿಮೆ. ದೊಡ್ಡ ಕಾಯಿಲ್ ಕೆಳಗೆ ಆರು ಮೊಳೆ ಬಂದರೆ ಚಿಕ್ಕದರ ಕೆಳಗೆ ಎರಡು. ಆ ಎರಡರ ನಡುವಿನ ಸಂದಿಯಲ್ಲಿ ನಾಣ್ಯ ಇಣುಕೋಕೆ ಜಾಗ ಸಿಗುತ್ತದೆ. ಎಷ್ಟು ಸಣ್ಣ ಸಿಗ್ನಲ್‌ಗೂ ಮೆಷಿನ್ ಸದ್ದು ಮಾಡಬೇಕು ಅನ್ನುವ ಸೆನ್ಸಿಟಿವಿಟಿಯನ್ನೂ ಸ್ವಲ್ಪ ಇಳಿಸಿದ್ದೆ. ಅರಚಾಡುವ ಮೆಷಿನ್‌ಗಿಂತ ನೆಮ್ಮದಿಯಿಂದ ಮಾತಾಡುವ ಮೆಷಿನ್ ಮೇಲು.

ಮೂರು ಗಂಟೆ ಹೊತ್ತು. ಸದ್ದು ಹೀಗಿತ್ತು: ಗುರ್, ಗುರ್, ಗುರ್‌ರ್, ಟಿ, ಗುರ್. ಆ "ಟಿ" ಪೂರ್ತಿ "ಟಿಂ" ಕೂಡ ಆಗಿರಲಿಲ್ಲ, ಅರ್ಧಕ್ಕೇ ಕತ್ತು ಹಿಸುಕಿದ ಹಾಗೆ. ಎಡದಿಂದ ಬಲಕ್ಕೆ ಬಂದರೆ ಕೇಳುತ್ತದೆ, ಬಲದಿಂದ ಎಡಕ್ಕೆ ಇಲ್ಲ. ಎದ್ದು ಇನ್ನೊಂದು ಮಗ್ಗುಲಿಗೆ ಹೋಗಿ ಅಡ್ಡಕ್ಕೆ ಬೀಸಿದೆ, ಪೂರ್ತಿ ಕಬ್ಬಿಣ. ಇಂಥ ಸಿಗ್ನಲ್ ಮೋಸವೂ ಮಾಡುತ್ತದೆ. ಬಾಗಿದ ಮೊಳೆ, ದುಂಡಗಿನ ತುಕ್ಕು ವಾಷರ್ ಕೂಡ ಒಂದು ಕಡೆಯಿಂದ ಬೆಳ್ಳಿಯ ಸ್ವರ ಹಾಡಿ, ಅಗೆದ ಮೇಲೆ ನಗುತ್ತವೆ. ಸಾಮಾನ್ಯವಾಗಿ ಮೋಸದ ಸದ್ದು ದಿಕ್ಕು ಬದಲಿಸಿದಾಗ ಜಾಗವನ್ನೂ ಬದಲಿಸುತ್ತದೆ, ಅತ್ತ ಇತ್ತ ಸರಿಯುತ್ತದೆ. ಇದು ಸರಿಯಲಿಲ್ಲ. ಬಂದಾಗಲೆಲ್ಲ ಅದೇ ಒಂದು ಹಿಡಿ ಮಣ್ಣಿನಿಂದ ಬಂತು.

ಮೇಲಿನ ಹುಲ್ಲನ್ನು ಬೇರು ಸಮೇತ ಮುಚ್ಚಳದ ಹಾಗೆ ಕತ್ತರಿಸಿ ಮಡಚಿದೆ. ಗುಂಡಿಯೊಳಗೆ ಲೋಹದ ಜಾಗ ತೋರಿಸುವ ಕೈಯಷ್ಟಗಲದ ಕಡ್ಡಿ, ಪಿನ್‌ಪಾಯಿಂಟರ್, ಹಾಕಿದರೆ ಮೊದಲು ಸಿಕ್ಕಿದ್ದು ಮೊಳೆ. ಇನ್ನೊಂದು ಮೊಳೆ. ಕೀಲಿನ ಒಂದು ತುಂಡು. ಅಷ್ಟನ್ನೂ ತೆಗೆದು ಪಕ್ಕಕ್ಕಿಟ್ಟು, ಗುಂಡಿಯ ಮೇಲೆ ಮತ್ತೆ ಕಾಯಿಲ್ ಆಡಿಸಿದೆ. ಆಗ ಬಂತು ನೋಡಿ ಸದ್ದು! ದುಂಡಗೆ, ತುಂಬಿಕೊಂಡು, ಎರಡೂ ಕಡೆಯಿಂದ. ಹೆಡ್‌ಫೋನ್ ತೆಗೆದು ಸುಮ್ನೆ ಒಂದು ನಿಮಿಷ ಕೂತಿದ್ದೆ. ಅಗೆಯುವುದಕ್ಕೆ ಮನಸ್ಸು ಬರಲಿಲ್ಲ, ಅಷ್ಟು ಚೆನ್ನಾಗಿತ್ತು.

ಐದು ಇಂಚು ಇರಬಹುದು. ನಾಣ್ಯ ಚಪ್ಪಟೆಯಾಗಿ ಮಲಗಿರಲಿಲ್ಲ, ಗೋಡೆಗೆ ಒರಗಿದವರ ಹಾಗೆ ವಾರೆಯಾಗಿ ನಿಂತಿತ್ತು. ಹಾಗೆ ನಿಂತರೆ ಸಿಗ್ನಲ್ ಇನ್ನೂ ಬಡವಾಗುತ್ತದೆ. ಮಣ್ಣಿನಲ್ಲಿ ಬಿಳಿ ಗೆರೆಯೊಂದು ಕಂಡಿತು, ಬೆಳ್ಳಿಯ ಅಂಚು. "ಸಾರ್" ಅಂತ ಕೂಗಿದೆ. ಬಂದರು, ಬಗ್ಗಿ ನೋಡಿದರು. "ನೀವು ಎರಡು ಸಲ ಇದರ ಮೇಲೆ ಹೋಗಿದ್ರಿ ಸಾರ್" ಅಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮೂರು ಸಲ ಕಣಯ್ಯಾ" ಅಂದರು.

ಆವತ್ತಿನ ಲೆಕ್ಕ: 43 ಮೊಳೆ, ಕೀಲಿನ ತುಂಡು, ಏನೆಂದು ತಿಳಿಯದ ತಗಡು, ಒಂದು ನಾಣ್ಯ. ಎರಡು ಮಂಚದಷ್ಟು ಜಾಗದಲ್ಲಿ.

ಈಗಿನ ಹೊಸ ಮೆಷಿನ್‌ಗಳು ಕಿವಿಯನ್ನು ಬೇಗ ತೆರೆಯುತ್ತವೆ, ನಿಜ. 2018ರಲ್ಲಿ ಬಂದ ಮೈನ್‌ಲ್ಯಾಬ್ ಇಕ್ವಿನಾಕ್ಸ್ ಥರದವು ಒಂದೇ ಸಲಕ್ಕೆ ಹಲವು ಫ್ರೀಕ್ವೆನ್ಸಿಗಳಲ್ಲಿ ಕೆಲಸ ಮಾಡುತ್ತವೆ, ಪಕ್ಕಪಕ್ಕದ ವಸ್ತುಗಳನ್ನು ಬಿಡಿಸಿ ಹೇಳುವುದರಲ್ಲೂ ಚುರುಕು. ಬೇಡ ಅನ್ನಲ್ಲ. ಆದರೆ ಚುರುಕಾದ ಮೆಷಿನ್ ಹಿಡಿದು ಓಡುವವನಿಗಿಂತ ಹಳೇ ಮೆಷಿನ್ ಹಿಡಿದು ತೆವಳುವವನ ಚೀಲವೇ ತುಂಬುವುದನ್ನು ನೋಡಿದ್ದೇನೆ.

ಕಬ್ಬಿಣದ ಮಾತಾಯಿತು. ಅಲ್ಯೂಮಿನಿಯಂ ಇದಕ್ಕಿಂತ ಕಿಲಾಡಿ. ಕಬ್ಬಿಣ ಕನಿಷ್ಠ ಗುರುಗುಟ್ಟಿ ತನ್ನ ಜಾತಿ ಹೇಳಿಕೊಳ್ಳುತ್ತದೆ. ಪಾನೀಯದ ಡಬ್ಬಿಯಿಂದ ಕಿತ್ತು ಬಿಸಾಡುತ್ತಿದ್ದ ರಿಂಗ್ ಇದೆಯಲ್ಲ, ಅದು ತೆಳು ಚಿನ್ನದ ಉಂಗುರ ಕೊಡುವ ನಂಬರನ್ನೇ ಕೊಡುತ್ತದೆ. ತಾಮ್ರ ಮುಕ್ಕಾಲು, ನಿಕ್ಕಲ್ ಕಾಲು ಬೆರೆಸಿದ ನಾಣ್ಯಗಳದ್ದೂ ಹತ್ತಿರ ಹತ್ತಿರ ಅದೇ ನಂಬರು. ರಿಂಗ್ ಬೇಡ ಅಂತ ಆ ನಂಬರನ್ನು ಮುಚ್ಚಿದರೆ ಉಂಗುರವೂ ಹೋಯಿತು ಅಂತಲೇ ಲೆಕ್ಕ. ಬೆಳ್ಳಿ ಮಾತ್ರ ಸಾಕು ಅನ್ನುವವರು ಮುಚ್ಚಿಕೊಳ್ಳಲಿ. ಆದರೆ ತೆಳ್ಳಗಿನ ಪುಟ್ಟ ಬೆಳ್ಳಿ ನಾಣ್ಯ, ಪಕ್ಕದಲ್ಲಿ ಮೊಳೆ ಬೇರೆ ಇದ್ದರೆ, ಮೇಲಿನ ನಂಬರಿನಿಂದ ಜಾರಿ ಅದೇ ರಿಂಗಿನ ಮನೆಗೆ ಬಂದು ಕೂರುತ್ತದೆ.

ಈ ರಿಂಗುಗಳ ಮೇಲೆ ನನಗೆ ಸಿಟ್ಟಿದ್ದರೂ ಒಂದು ಋಣ ಇದೆ. ಅವು ಕ್ಯಾಲೆಂಡರ್. ಕಿತ್ತು ಬಿಸಾಡುವ ರಿಂಗಿಗೆ ಎರ್ಮಲ್ ಫ್ರೇಜ್ ಅನ್ನುವವರು ಪೇಟೆಂಟ್ ಪಡೆದದ್ದು 1963ರಲ್ಲಿ. ಡಬ್ಬಿಗೇ ಅಂಟಿಕೊಂಡಿರುವ ಈಗಿನ ಥರದ ಮುಚ್ಚಳ ಬಂದದ್ದು 1975ರಲ್ಲಿ. ಹಾಗಾಗಿ ಕಿತ್ತ ರಿಂಗ್ ಸಿಕ್ಕಿದ ಪದರ ಎಷ್ಟು ಹಳೆಯದು ಅಂತ ಒಂದು ಅಂದಾಜು ಸಿಗುತ್ತದೆ. ಅದರ ಕೆಳಗಿನ ಮಣ್ಣನ್ನು ಯಾರೂ ಕಲಕಿಲ್ಲ ಅಂದರೆ ಹಳೇ ನಾಣ್ಯಕ್ಕೆ ಆಸೆ ಇಟ್ಟುಕೊಳ್ಳಬಹುದು. ಅಂಚಿಗೆ ಹಲ್ಲು ಹಲ್ಲಿರುವ ಬಾಟಲಿ ಮುಚ್ಚಳ ಇನ್ನೂ ಹಳೆಯದು, ವಿಲಿಯಂ ಪೇಂಟರ್ ಪೇಟೆಂಟ್ ಪಡೆದದ್ದು 1892ರಲ್ಲಿ. ತುಕ್ಕು ಹಿಡಿದ ಮುಚ್ಚಳ ಮಾತ್ರ ಎಂಥ ಅನುಭವಿಯನ್ನೂ ಏಮಾರಿಸುತ್ತದೆ. ಕಬ್ಬಿಣದ ಜಾತಿ, ಬೆಳ್ಳಿಯ ವೇಷ.

ಹಾಗಾದರೆ ಎಲ್ಲವನ್ನೂ ಅಗೆಯಬೇಕಾ? ಅನುಮಾನ ಬಂದದ್ದನ್ನು ಅಗೆಯಿರಿ ಅನ್ನುತ್ತೇನೆ. ಅಗೆದ ಕಸವನ್ನು ಮತ್ತೆ ಗುಂಡಿಗೆ ಹಾಕಬೇಡಿ, ದಮ್ಮಯ್ಯ. ಇದು ನನ್ನ ದೊಡ್ಡ ದೂರು. ಹಿಂದಿನವರು ಅಗೆದು, ಮೊಳೆ ಅಂತ ಗೊತ್ತಾಗಿ, ಅಲ್ಲೇ ಬಿಸಾಡಿ ಹೋಗಿರುತ್ತಾರೆ. ಒಂದೊಂದು ಮೊಳೆ ಹೊರಗೆ ಹೋದಾಗಲೂ ಒಂದು ಕಿಟಕಿ ತೆರೆದ ಹಾಗೆ, ಮುಂದಿನ ಸಲ ಅದೇ ಜಾಗ ಬೇರೆಯೇ ಮಾತಾಡುತ್ತದೆ. ಗುಂಡಿ ಮುಚ್ಚಿ ಹುಲ್ಲನ್ನು ತುಳಿದು ಸರಿಮಾಡುವುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಸಂರಕ್ಷಿತ ಸ್ಮಾರಕ, ಉತ್ಖನನದ ಜಾಗಗಳ ಹತ್ತಿರವೂ ಸುಳಿಯಬೇಡಿ. ಸಿಕ್ಕಿದ್ದನ್ನು ಯಾರಿಗೆ ತಿಳಿಸಬೇಕು ಅನ್ನುವ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಥರ, ಕೋಲು ಎತ್ತುವ ಮೊದಲೇ ಓದಿಕೊಳ್ಳಿ.

ಇನ್ನೊಂದು, ಸಿಕ್ಕ ನಾಣ್ಯವನ್ನು ಅಲ್ಲೇ ಉಜ್ಜಬೇಡಿ. ನನ್ನ ಮೊದಲ ಬೆಳ್ಳಿ ನಾಣ್ಯದ ಇಸವಿ ಓದುವ ಆತುರಕ್ಕೆ ಹೆಬ್ಬೆರಳಲ್ಲಿ ಉಜ್ಜಿದೆ. ಬೆರಳಿನ ಕೆಳಗೆ ಮರಳಿನ ಕಣ ಇತ್ತು. ನೂರಾರು ವರ್ಷ ಮಣ್ಣು ಮಾಡದ ಗೀರನ್ನು ನಾನು ಎರಡು ಸೆಕೆಂಡಿನಲ್ಲಿ ಮಾಡಿದೆ. ಅದು ಈಗಲೂ ನನ್ನ ಹತ್ತಿರ ಇದೆ. ಯಾರಾದರೂ ನೋಡೋಕೆ ಕೇಳಿದರೆ ಹಿಂಬದಿ ತೋರಿಸುತ್ತೇನೆ.

ಆ ಎರಡು ಮಂಚದಷ್ಟು ಜಾಗ ಇನ್ನೂ ಮುಗಿದಿಲ್ಲ. ಉದ್ದಕ್ಕೆ ಹೋಗಿದ್ದಾಯಿತು, ಅಡ್ಡಕ್ಕೆ ಹೋಗಿದ್ದಾಯಿತು, ಮೂಲೆಯಿಂದ ಮೂಲೆಗೆ ಬಾಕಿ ಇದೆ. ಈ ಭಾನುವಾರ ಹೊರಟಿದ್ದೇವೆ. ಸಾರ್ ಈ ಸಲ ತಾವೂ ಸಣ್ಣ ಕಾಯಿಲ್ ತರುತ್ತಾರಂತೆ. ಮೊಳೆ ಹಾಕುವ ಬಕೆಟ್ ಯಾರು ಹೊರಬೇಕು ಅನ್ನುವುದರ ಬಗ್ಗೆ ನಿನ್ನೆಯಿಂದ ಫೋನಿನಲ್ಲಿ ಚರ್ಚೆ ನಡೆಯುತ್ತಿದೆ.