ಕ್ಯಾಮೆರಾ ಇದ್ದರೆ ಊನೊ ಒಂದೇ ಸಾಲದು
ಚಾಲಕನಿಲ್ಲದ ಮಾದರಿ ಕಾರಿಗೆ ಆರ್ಡುಯಿನೊ ಊನೊ (ಮೋಟಾರು, ಸೆನ್ಸರ್ ನಿಯಂತ್ರಿಸುವ ಪುಟ್ಟ ಬೋರ್ಡು) ಒಂದೇ ಸಾಕು ಅಂತ ಒಂದು ಲೇಖನದಲ್ಲಿ ಓದಿದೆ. ಕಪ್ಪು ಗೆರೆ ಹಿಡಿದು ಓಡುವ ಕಾರಿಗೆ ಖಂಡಿತ ಸಾಕು. ಕ್ಯಾಮೆರಾ ಹಾಕಿದರೆ ಕಷ್ಟ. ಊನೊ R3 ಮಾದರಿಯ ರ‍್ಯಾಮ್ (ಕೆಲಸದ ನಡುವೆ ಮಾಹಿತಿ ಇಟ್ಟುಕೊಳ್ಳುವ ಜಾಗ) ಬರೀ 2 ಕಿಲೋಬೈಟ್. ಪಿಕ್ಸೆಲ್‌ಗೆ ಒಂದೇ ಬೈಟ್ ಅಂದರೂ 160×120 ಅಳತೆಯ ಚಿತ್ರಕ್ಕೆ 19,200 ಬೈಟ್ ಬೇಕು, ಅಲ್ವಾ? ಚಿತ್ರ ನೋಡುವ ಕೆಲಸ ಪುಟ್ಟ ಕಂಪ್ಯೂಟರಾದ ರಾಸ್ಪ್‌ಬೆರಿ ಪೈಗೆ ಬಿಡಿ. ಮೋಟಾರು, ಸ್ಟೀರಿಂಗ್ ಸರ್ವೊ (ಚಕ್ರ ಹೊರಳಿಸುವ ಪುಟ್ಟ ಮೋಟಾರು) ಊನೊ ಕೈಯಲ್ಲಿರಲಿ.

ಇನ್ನೊಂದು ಮಾತು. ನನ್ನ ಕಾರು ತಿರುವು ಬಂದಾಗಲೆಲ್ಲ ನಿಂತುಬಿಡುತ್ತಿತ್ತು. ಎರಡು ದಿನ ಸುಮ್ನೆ ಕೋಡ್ ತಡಕಾಡಿದೆ. ನೋಡಿದರೆ, ಸರ್ವೊ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಜಾಸ್ತಿ ಕರೆಂಟ್ ಎಳೆದು, ಬೋರ್ಡೇ ರೀಸೆಟ್ ಆಗುತ್ತಿತ್ತು. ಸರ್ವೊಗೆ ಬೇರೆ ಬ್ಯಾಟರಿ ಕೊಟ್ಟು, ಆ ಬ್ಯಾಟರಿ, ಬೋರ್ಡು ಎರಡರ ಗ್ರೌಂಡ್ (ಮೈನಸ್) ತಂತಿ ಸೇರಿಸಿದೆ. ಆಮೇಲೆ ಒಮ್ಮೆಯೂ ನಿಂತಿಲ್ಲ.